ತಿರುವಿನಲ್ಲಿ ಆರುವ ಬೆಳಕು

ಆ ಬೆಳಿಗ್ಗೆ ಮಂಜು ನೆಲದಿಂದಲೇ ಎದ್ದು ನಿಂತಂತಿತ್ತು. ಬೀದಿಯ ಆಚೆ ಬದಿ ಕಾಣುತ್ತಿರಲಿಲ್ಲ. ಹಕ್ಕಿಗಳು ಬಾಯಿ ಬಿಟ್ಟಿರಲಿಲ್ಲ. ಸೂರ್ಯ ಎದ್ದನೋ ಇಲ್ಲವೋ ಭಗವಂತನಿಗೇ ಗೊತ್ತು. ಶೆಡ್ಡಿನ ತಗಡಿನಿಂದ ಒಂದು ಹನಿ ಬಿದ್ದರೆ, ಮತ್ತೊಂದು ಬೀಳಬೇಕೋ ಬೇಡವೋ ಎಂದು ಅಲ್ಲೇ ತೂಗುತ್ತಿತ್ತು.

ಶೆಡ್ಡಿನೊಳಗೆ ಹಳೆಯ ಲಾರಿ ಸಿಮೆಂಟಿನ ಮೂಟೆ ಹೊತ್ತು ನಿಂತಿತ್ತು. ಮಧ್ಯಾಹ್ನ ಹೊರಟರೆ ಕತ್ತಲಾಗುವ ಹೊತ್ತಿಗೆ ಬೆಟ್ಟದ ದಾರಿ. ಸ್ಟಿಯರಿಂಗ್ ಹಿಡಿಯುವವಳು ಮಾಲೀಕನ ಮಗಳು. ಅವಳು ಒಬ್ಬಳೇ ಹೊರಡುತ್ತಿದ್ದುದು ಇದೇ ಮೊದಲು.

ಅವಳಿಗಿಂತ ಮುಂಚೆ ಆ ಲಾರಿ ಓಡಿಸುತ್ತಿದ್ದವನು ಮಾಲೀಕನ ತಮ್ಮ. ಕಳೆದ ಮಳೆಗಾಲದಲ್ಲಿ ಅದೇ ಬೆಟ್ಟದ ಎಡತಿರುವಿನಲ್ಲಿ ಲಾರಿ ತಡೆಗೋಡೆಗೆ ಗುದ್ದಿ, ಮುಂದಿನ ಚಕ್ರವೊಂದು ಕಣಿವೆಯ ಮೇಲೆ ಬರಿದೇ ತಿರುಗುತ್ತಿತ್ತು. “ಇಂಡಿಕೇಟರ್ ಹಾಕಿದೆ, ಹೆಡ್‌ಲೈಟ್ ಹೋಯ್ತು” ಎಂದಿದ್ದ ತಮ್ಮ. ಹೋಗಿ ನೋಡಿದಾಗ ಲೈಟು ಉರಿಯುತ್ತಲೇ ಇತ್ತು. ಬಲ್ಬು, ಫ್ಯೂಸು, ಸ್ವಿಚ್ಚು ಎಲ್ಲ ನೆಟ್ಟಗಿದ್ದವು. “ಲಾರಿ ಕಣ್ಣು ಚೆನ್ನಾಗೇ ಇದೆ, ಡ್ರೈವರ್ ಕಣ್ಣೇ ಮುಚ್ಚಿರ್ಬೇಕು” ಎಂದುಬಿಟ್ಟ ಎಲೆಕ್ಟ್ರಿಷಿಯನ್. ಅಂದಿನಿಂದ ತಮ್ಮನಿಗೆ ‘ತೂಕಡಿಕೆ’ ಎಂಬ ಹೆಸರೇ ಅಂಟಿತು. ಅಣ್ಣ ಅವನನ್ನು ಸೀಟಿನಿಂದ ಇಳಿಸಿ, ಮಾತನ್ನೂ ಬಿಟ್ಟಿದ್ದ.

ಇಂದು ಆ ತಮ್ಮ ಕರೆಯದೆ ಬಂದು ಬಾಗಿಲಲ್ಲಿ ನಿಂತಿದ್ದ.

“ಅಣ್ಣಾ, ಮಗೂನ ಈ ಲಾರೀಲಿ ಕಳಿಸ್ಬೇಡ.”

ಅಣ್ಣ ತಲೆ ಎತ್ತಲಿಲ್ಲ. “ನಿದ್ದೆಗಣ್ಣಲ್ಲೇ ಎದ್ದು ಬಂದೆಯಾ?”

ಮಗಳು ಕ್ಯಾಬಿನ್ನಿನಿಂದ ಇಣುಕಿದಳು. “ಬನ್ನಿ ಚಿಕ್ಕಪ್ಪ ಒಳಗೆ. ಅಪ್ಪನ ಬಾಯಿ ಅನ್ನೋ ಹಾರ್ನ್ ಯಾವತ್ತೂ ಕೆಟ್ಟಿದ್ದಿಲ್ಲ.”

ಅಣ್ಣ ಶಟರ್ ಎಳೆದು ಶೆಡ್ಡನ್ನು ಕತ್ತಲು ಮಾಡಿದ. “ಹಾಕಮ್ಮ ಲೈಟು. ಎಡಗಡೆ ಇಂಡಿಕೇಟರೂ ಹಾಕು. ಕಣ್ಣು ಬಿಟ್ಟು ನೋಡ್ಲಿ ನಿನ್ನ ಚಿಕ್ಕಪ್ಪ.”

ಎದುರಿನ ಗೋಡೆಯ ಮೇಲೆ ಎರಡು ಬೆಳಕಿನ ವೃತ್ತಗಳು ಬಿದ್ದವು. ಇಂಡಿಕೇಟರ್ ಟಿಕ್ ಟಿಕ್ ಎಂದಿತು. ಬೆಳಕು ಅಲುಗಲಿಲ್ಲ.

“ಎಲ್ಲಿದೆ ರೋಗ?”

“ನಿಂತಲ್ಲಿ ಕಾಣಲ್ಲ ಅಣ್ಣ. ಲೋಡ್ ಇದ್ದು, ತಿರುವಲ್ಲಿ ಗಾಡಿ ಒಂದು ಕಡೆ ವಾಲಿದಾಗ ಹೋಗುತ್ತೆ. ಮುಂದಿನ ಎಡಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ ನೋಡೋಣ.”

“ಜಾಕ್ ಕೊಟ್ರೆ ಲೈಟ್ ಹೋಗುತ್ತಾ! ನಾಳೆ ಟೈರಿಗೆ ಗಾಳಿ ಹೊಡೆದ್ರೆ ವೈಪರ್ ಕುಣಿಯುತ್ತೆ ಅಂತೀಯ.”

“ಎತ್ತೋಣ ಬಿಡಪ್ಪ,” ಎಂದಳು ಮಗಳು. “ಜಾಕಿಗೇನು ಕೂಲಿ ಕೊಡ್ಬೇಕಾ? ಬೆಟ್ಟ ಹತ್ತೋಳು ನಾನು.”

ಅಣ್ಣ ಎದ್ದ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ತಾನೇ ಜಾಕ್ ಎತ್ತತೊಡಗಿದ. ಲಾರಿಯ ಮೈ ನಿಧಾನವಾಗಿ ತಿರುಚಿಕೊಂಡಿತು. ಮೂಟೆಗಳ ಅಡಿಯಲ್ಲಿ ಎಲ್ಲೋ ಕಬ್ಬಿಣ ನರಳಿತು. ಗೋಡೆಯ ಬೆಳಕು ಇನ್ನೂ ಹಾಗೇ ಇತ್ತು. ಅಣ್ಣ ನಗಲೆಂದು ಬಾಯಿ ತೆರೆದ.

ಟಿಕ್. ಬೆಳಕು ಕುಗ್ಗಿತು. ಟಿಕ್. ಕೆಂಡದ ಬಣ್ಣಕ್ಕಿಳಿಯಿತು. ಎಡಕ್ಕಷ್ಟೇ ಹಾಕಿದ್ದ ಇಂಡಿಕೇಟರ್ ಈಗ ಎರಡೂ ಬದಿ ಮಂಕಾಗಿ ಮಿಣುಕಿತು, ಯಾರೋ ಒಳಗಿದ್ದು ಕಣ್ಣು ಪಿಳುಕಿಸಿದಂತೆ. ಮತ್ತೆ ಟಿಕ್. ಗೋಡೆಯೇ ಇಲ್ಲವಾಯಿತು.

ಶೆಡ್ಡು ತುಂಬ ಕತ್ತಲು. ಕ್ಯಾಬಿನ್ನಿನಲ್ಲಿ ಹುಡುಗಿ ಉಸಿರೆಳೆದುಕೊಂಡದ್ದು ಕೇಳಿಸಿತು. ಅಣ್ಣನ ಮನಸ್ಸಿನೊಳಗೆ ಆ ತಿರುವು ಬಂದು ನಿಂತಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಸ್ಟಿಯರಿಂಗಿನ ಮೇಲೆ ತನ್ನ ಮಗಳ ಕೈ.

“ದೇವರೇ,” ಎಂದ. ಅಷ್ಟೇ ಎಂದ.

ತಮ್ಮ ಶಟರನ್ನು ಅರ್ಧ ಎತ್ತಿ, ಟಾರ್ಚ್ ಹಿಡಿದು ಬಾಗಿದ. ಕ್ಯಾಬಿನ್ನು ರಬ್ಬರಿನ ಮೇಲೆ ಕೂತಿರುತ್ತದೆ, ಅದರಲ್ಲಿ ಕರೆಂಟು ಹರಿಯದು. ಲೈಟು ಉರಿಸಿದ ಕರೆಂಟು ಬ್ಯಾಟರಿಗೆ ಮರಳಬೇಕಾದರೆ ಕ್ಯಾಬಿನ್ನಿನಿಂದ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಗೆ ಬಿಗಿದ ಅರ್ತ್ ಪಟ್ಟಿಯೊಂದೇ ದಾರಿ. ಆ ಪಟ್ಟಿಯ ತುದಿ ಬೋಲ್ಟಿನ ಕೆಳಗೆ ಭದ್ರವಾಗಿಯೇ ಕಾಣುತ್ತಿತ್ತು. ತಮ್ಮ ಸ್ಪ್ಯಾನರ್ ಹಾಕಿ ಬಿಚ್ಚಿದ. ಕೆಳಗೆ ಹೊಳಪಾರದ ನೀಲಿ ಪೇಂಟು. ಅಂಚಿನಲ್ಲಿ ಉಗುರಿನಷ್ಟಗಲ ಮಾತ್ರ ಸವೆದು ಕಬ್ಬಿಣ ತಾಕಿತ್ತು. ಗಾಡಿ ನೆಟ್ಟಗಿದ್ದಾಗ ಅಷ್ಟೇ ಸಾಕಾಗುತ್ತಿತ್ತು. ಮೈ ತಿರುಚಿದರೆ ಅದೂ ಎದ್ದುಬಿಡುತ್ತಿತ್ತು.

ಆ ಮಳೆಗಾಲಕ್ಕೆ ಮುಂಚೆ ಆರ್‌ಟಿಒ ತಪಾಸಣೆಗೆಂದು ಲಾರಿಗೆ ಪೇಂಟು ಹೊಡೆಸಿದವನು ಅಣ್ಣ. ಹೊಸ ಬಣ್ಣ ಕೆರೆಯಲು ಮನಸ್ಸಾಗದೆ ಅದರ ಮೇಲೆಯೇ ಆ ಬೋಲ್ಟು ಬಿಗಿದವನೂ ಅವನೇ. ಅವನ ಕೈಗೆ ಅದು ನೆನಪಿತ್ತು. ಬಣ್ಣ ಹೋದೀತು ಎಂದು ಬಟ್ಟೆ ಸುತ್ತಿ ಸ್ಪ್ಯಾನರ್ ತಿರುಗಿಸಿದ್ದ.

“ಇದನ್ನ ಬಿಗಿದೋನು ನಾನೇ ಕಣೋ,” ಎಂದ ಅಣ್ಣ. “ಲೈಟ್ ಹೋಯ್ತು ಅಂತ ನೀನು ಆವತ್ತೇ ಹೇಳಿದ್ದೆ.”

ತಮ್ಮ ಉಪ್ಪುಕಾಗದ ಚಾಚಿದ. ಅಣ್ಣ ನೆಲದ ಮೇಲೆ ಅಂಗಾತ ಮಲಗಿ, ಬಿಳಿ ಕಬ್ಬಿಣ ಕಾಣುವವರೆಗೂ ಉಜ್ಜಿದ. ನೀಲಿ ಪುಡಿ ಅವನ ಮುಖದ ಮೇಲೆಲ್ಲ ಉದುರಿತು. ಪಟ್ಟಿ ಬಿಗಿದು, ಜಾಕಿನ ಅದೇ ಎತ್ತರದಲ್ಲಿ ಮತ್ತೆ ಲೈಟು ಹಾಕಿಸಿದರು. ಟಿಕ್, ಟಿಕ್. ಗೋಡೆಯ ಮೇಲೆ ಬೆಳಕು ಮಿಸುಕಾಡದೆ ನಿಂತಿತು. ಆದರೂ ಮೂವರೂ ಬಹಳ ಹೊತ್ತು ಆ ಗೋಡೆಯನ್ನೇ ನೋಡುತ್ತಿದ್ದರು. ಒಮ್ಮೆ ಆರಿದ್ದನ್ನು ಕಂಡ ಕಣ್ಣು ಬೇಗ ನಂಬುವುದಿಲ್ಲ. ಹೊರಗೆ ಮಂಜು ಶಟರಿನ ಅಡಿಯಿಂದ ಒಳಗೆ ತೆವಳುತ್ತಿತ್ತು.

“ಅಪ್ಪಾ, ನಾನು ಈ ಕಡೆ ಸರೀತೀನಿ,” ಎಂದಳು ಮಗಳು. “ಆ ತಿರುವನ್ನ ಚಿಕ್ಕಪ್ಪ ತೋರಿಸ್ಲಿ.”

ಅವಳು ಪಕ್ಕದ ಸೀಟಿಗೆ ಸರಿದಳು. ಅಣ್ಣ ಲೈಟು ಆರಿಸಿ, ಲಾರಿಯ ಕೀ ಎಳೆದು, ನೀಲಿ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಕೀಯನ್ನು ತಮ್ಮನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿದ.