ಮುಂಬಯಿಯಿಂದ ಎರಡು ತಾಸು

ಸವಣೂರಿನ ಶಂಕ್ರಪ್ಪನವರ ಎಲೆತೋಟದಲ್ಲಿ ಕುಲಸುಮಬಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಆ ಎಲೆ ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಕೆಲವು ಬುಟ್ಟಿ ವಿಮಾನದಲ್ಲಿ ಕರಾಚಿಗೆ ಹೋಗುತ್ತಿದ್ದವು. ಅವಳ ಒಬ್ಬಳೇ ಮಗಳು ಬಿಬಿಜಾನ ಮದುವೆಯಾಗಿ ಹನ್ನೊಂದು ವರ್ಷದಿಂದ ಅದೇ ಕರಾಚಿಯಲ್ಲಿದ್ದಳು.

೧೯೬೫ರ ಮಾರ್ಚಿನಲ್ಲಿ ಅಳಿಯ ಹಯಾತನ ಕಾಗದ ಬಂತು. ಬಿಬಿಜಾನಳಿಗೆ ಕ್ಷಯ ಬಲಿತಿದೆ, ದವಾಖಾನೆಯಲ್ಲಿದ್ದಾಳೆ, ದಿನಾ ನಿಮ್ಮನ್ನೇ ಕೇಳುತ್ತಾಳೆ ಎಂದು ಬರೆದಿದ್ದ. ಕುಲಸುಮಬಿ ನೇರ ತೋಟಕ್ಕೆ ನಡೆದಳು.

"ಶಂಕ್ರಪ್ಪಾರ, ಮುಂಬೈದಿಂದ ಕರಾಚಿ ಎಷ್ಟ ದೂರ ಐತ್ರಿ?"

"ಐನೂರಾ ಐವತ್ತ ಮೈಲಿ ಅಂತಾರ. ವಿಮಾನದಾಗ ಎರಡ ತಾಸು."

"ಬರೇ ಎರಡ ತಾಸ? ಚಕ್ಕಡಿ ಹೂಡಿದ್ರ ಹಾವೇರಿಗೆ ಹೋಗಾಕೂ ಅದಕ್ಕಿಂತ ಹೆಚ್ಚ ಬೇಕಲ್ರಿ!"

ಮಗಳು ಇಷ್ಟು ಸಮೀಪದಲ್ಲಿದ್ದಾಳೆಂದು ಇಷ್ಟು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ.

ಆದರೆ ಆ ಎರಡು ತಾಸಿಗೆ ಕಾಗದಪತ್ರ ಬೇಕಿತ್ತು. ಹುಟ್ಟಿದ ತಾರೀಖು ಗೊತ್ತಿಲ್ಲವೆಂದು ಅರ್ಜಿ ಎರಡು ಸಲ ಮರಳಿ ಬಂತು. ಪೊಲೀಸರು ವಿಚಾರಣೆಗೆ ಬಂದು ಅಕ್ಕಪಕ್ಕದವರನ್ನೆಲ್ಲ ಕೇಳಿದರು. ಪಾಸ್‌ಪೋರ್ಟು, ವೀಸಾ ಎರಡೂ ಕೈಗೆ ಬರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಸೆಪ್ಟೆಂಬರ್ ಎಂಟಕ್ಕೆ ವಿಮಾನ. ಹಯಾತನಿಗೆ ತಂತಿ ಹೋಯಿತು.

ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಶಂಕ್ರಪ್ಪನವರೇ ಜೊತೆಗೆ ಹೊರಟರು. ಯಲವಿಗಿಯಲ್ಲಿ ರೈಲು ಹತ್ತಿ ಒಂದೂವರೆ ದಿನ ಕೂತರು. ಪುಣೆಯಲ್ಲಿ ಗಾಡಿ ಬದಲಿಸುವಾಗ ಜನ ಪಾಕಿಸ್ತಾನದ ಜೊತೆಗಿನ ಲಡಾಯಿಯ ಮಾತಾಡುತ್ತಿದ್ದರು. ಮುಂಬಯಿಯ ಟಿಕೀಟು ಕಚೇರಿಯಲ್ಲಿ ಗುಮಾಸ್ತ ಟಿಕೀಟನ್ನು ನೋಡಿ ಹಾಗೇ ಹಿಂದಕ್ಕೆ ಕೊಟ್ಟ. ಕರಾಚಿಯ ವಿಮಾನ ನಿನ್ನೆಯಿಂದ ಬಂದ್. ಮತ್ತೆ ಯಾವಾಗ ಎಂದರೆ ಅವನಿಗೂ ತಿಳಿಯದು.

ಮರುದಿನ ಬೆಳಿಗ್ಗೆ ಅವಳು ಹಟ ಹಿಡಿದು ಸಾಂತಾಕ್ರೂಜಿನ ವಿಮಾನ ನಿಲ್ದಾಣಕ್ಕೇ ಹೋದಳು. ಬಾಗಿಲಲ್ಲೇ ಪೊಲೀಸರು ತಡೆದರು. ಮಗಳಿಗೆಂದು ತಂದ ಖಾರದ ತಿಂಡಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯ ಬದಿಗೆ, ಶಂಕ್ರಪ್ಪನವರ ಪಕ್ಕದಲ್ಲಿ ಕೂತಳು.

"ನಡಕೊಂತ ಹೋದ್ರ ಎಷ್ಟ ದಿನ ಆಕ್ಕೈತ್ರಿ?"

"ಗಡಿ ಮುಚ್ಚ್ಯಾರವ್ವಾ."

"ನಾ ಮುದುಕಿ. ನನ್ನ ಯಾರ ಏನ ಮಾಡ್ತಾರ್ರಿ?"

ಶಂಕ್ರಪ್ಪನವರು ಗಂಟನ್ನು ಎತ್ತಿಕೊಂಡರು. ಸಂಜೆಯ ಗಾಡಿಗೆ ಇಬ್ಬರೂ ಊರಿಗೆ ಮರಳಿದರು.

ಆಮೇಲೆ ಕಾಗದ ಬರುವುದೇ ನಿಂತಿತು. ಅವಳು ದಿನಾ ಟಪಾಲು ಕಚೇರಿಗೆ ಹೋಗಿ ಬಂದು, ಎಲೆ ಕಟ್ಟುತ್ತಿದ್ದಳು. ಆರು ತಿಂಗಳ ಮೇಲೆ ಹಯಾತನ ಕಾಗದವೊಂದು ಅರಬಸ್ತಾನದ ಏಡನ್ನಿನಲ್ಲಿದ್ದ ಗೆಳೆಯನೊಬ್ಬನ ಕೈಯಿಂದ ಸುತ್ತಿ ಬಂತು. ಮಸೀದಿಯ ಮುಲ್ಲಾ ಓದಿ ಹೇಳಿದರು. ಬಿಬಿಜಾನ ಸೆಪ್ಟೆಂಬರ್ ಇಪ್ಪತ್ತಾರಕ್ಕೆ ತೀರಿಕೊಂಡಿದ್ದಳು. ಎಂಟನೇ ತಾರೀಖು ದಾಟಿದ ಮೇಲೂ ಹದಿನೆಂಟು ದಿನ, "ಇವತ್ತು ವಿಮಾನ ಬಂತೇನು?" ಎಂದು ಗಂಡನನ್ನು ಕೇಳುತ್ತಿದ್ದಳಂತೆ.

ಸುದ್ದಿ ಕೇಳಿ ಶಂಕ್ರಪ್ಪನವರು ಮನೆಗೆ ಬಂದರು. ಕುಲಸುಮಬಿ ಅಳುತ್ತಿರಲಿಲ್ಲ.

"ಮೂರನೇ ದಿನ, ನಲವತ್ತನೇ ದಿನ ಎಲ್ಲಾ ಹೋಗಿ ಬಿಟ್ಟಾವ್ರಿ. ಈಗ ನಾ ಯಾವ ದಿನಾ ಹಿಡದ ಅಳಬೇಕ್ರಿ?"

ಶಂಕ್ರಪ್ಪನವರು ಕತ್ತಲಾಗುವಾಗ ಎದ್ದು ಹೋದರು. ಆ ಇಪ್ಪತ್ತಾರನೇ ತಾರೀಖು ತಾನು ಏನು ಮಾಡುತ್ತಿದ್ದೆ, ಏನು ಉಂಡೆ, ಯಾರ ಜೊತೆ ನಕ್ಕೆ ಎಂದು ಅವಳು ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದಳು. ಒಂದೂ ನೆನಪಾಗಲಿಲ್ಲ.