ಕವಿತಳ ಕಾಲ್ಗುಣ

ತೊಂಡೇಬಾವಿಯ ಸೊಸೆ ಕವಿತ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಗಬೇಡಿ, ನಿಮ್ಮ ಸೊಂಟ ಹಿಡಿದ ದಿನ ನೀವೂ ಬರುತ್ತೀರಿ. ಬಂದವರು ಗೋಡೆ ಹಿಡಿದು ಬಗ್ಗಿ ನಿಲ್ಲುತ್ತಿದ್ದರು. ಕವಿತ ಬಲಗಾಲನ್ನು ತಾಕಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ತಾಕಿಸುತ್ತಿದ್ದಳು. "ನಮ್ ಸೊಸೆ ಕಾಲ್ಗುಣ ನೋಡ್ರಪ್ಪ!" ಎಂದು ಅತ್ತೆ ವರಲಕ್ಷ್ಮಮ್ಮ ಬೀಗುತ್ತಿದ್ದರು.

ಈ ಬೇಸಿಗೆಯಲ್ಲಿ ಬೂಸಾ ಮೂಟೆ ಎತ್ತುವಾಗ ಕವಿತಳ ಸೊಂಟವೇ ಚಳಕ್ ಎಂದಿತು. ನೋವು ತೊಡೆಯಿಂದ ಹಿಮ್ಮಡಿಗೆ ಇಳಿಯಿತು. ಆಮೇಲೆ ನೋವೂ ಹೋಗಿ, ಬಲಪಾದ ಜೋಮು ಹಿಡಿದು ಕೂತಿತು. ಚಪ್ಪಲಿ ಕಳಚಿದರೂ ತಿಳಿಯದು.

"ಊರಿಗೇ ವಾಸಿ ಮಾಡೋ ಕಾಲು ಕಣೇ ಅದು, ಅದಕ್ಕೇನಾಗ್ತದೆ? ಹರಳೆಣ್ಣೆ ಹಚ್ಕೊ. ಯಾರ್ಗೂ ಬಾಯ್ಬಿಡ್ಬೇಡ," ಎಂದರು ಅತ್ತೆ.

ಆ ಕಾಲು ಬಿಟ್ಟರೆ ಈ ಮನೆಯಲ್ಲಿ ತನಗೆ ಬೇರೆ ಬೆಲೆಯಿಲ್ಲವೆಂಬ ಭಯ ಕವಿತಳಿಗೆ. ಬಾಯಿ ಮುಚ್ಚಿಕೊಂಡಳು.

ನಗರಗೆರೆಯಿಂದ ಮುದುಕ ಗಂಗುಲಪ್ಪ ಬಂದು ಗೋಡೆ ಹಿಡಿದು ಬಗ್ಗಿದ. ಕವಿತ ಕಾಲೆತ್ತಿದಳು. ತಾಕಿದ್ದು ಗೊತ್ತಾಗಲಿಲ್ಲ. ಇನ್ನಷ್ಟು ಚಾಚಿದಳು. ಅಯ್ಯಯ್ಯೋ! ಮುದುಕ ಮುಗ್ಗರಿಸಿ ಗೋಡೆಗೆ ಹಣೆ ಬಡಿದುಕೊಂಡ. ರಕ್ತ ಬಂತು.

"ನನ್ ಮೇಲೇನಮ್ಮಾ ಕೋಪ ನಿಂಗೆ?" ಎಂದ.

ಕವಿತಳಿಗೆ ಅಳುವೂ ಬರಲಿಲ್ಲ. ಜೋಮು ಎದೆಗೂ ಹತ್ತಿದಂತಿತ್ತು. ಗಂಡ ರಮೇಶ್‌ಬಾಬು ಬಂದಾಗ ಎಲ್ಲ ಹೇಳಿಬಿಟ್ಟಳು.

ಅವನು ಗೌರಿಬಿದನೂರಿಗೆ ಕರೆದೊಯ್ದ. ಡಾಕ್ಟರು ಸ್ಕ್ಯಾನ್ ನೋಡಿದರು. "ಬೆನ್ನುಮೂಳೆ ನಡುವಿನ ಡಿಸ್ಕ್ ಜರುಗಿ ನರ ಅದುಮ್ತಿದೆ. ತೊಂದ್ರೆ ಸೊಂಟದಲ್ಲಿ, ಗೊತ್ತಾಗೋದು ಕಾಲಲ್ಲಿ. ಮಾತ್ರೆ, ವ್ಯಾಯಾಮದಲ್ಲೇ ಎಷ್ಟೋ ಜನಕ್ಕೆ ವಾಸಿಯಾಗ್ತದೆ. ಭಾರ ಎತ್ಬೇಡಿ, ಹಾಗಂತ ಮಲಗೇ ಇರ್ಬೇಡಿ. ಕಾಲು ಇನ್ನೂ ಸೋತ್ರೆ, ಮೂತ್ರ ಹಿಡಿತ ತಪ್ಪಿದ್ರೆ, ಆ ಕ್ಷಣವೇ ಬನ್ನಿ, ಆಪರೇಷನ್ ಬೇಕಾಗ್ಬಹುದು."

"ಮುಟ್ಟಿದ್ದು ಗೊತ್ತಾಗೋ ಹಂಗೆ ಆಗ್ತದಾ ಸಾರ್?" ಎಂದು ಕವಿತ ಕೇಳಿದಳು.

"ಆಗ್ಬಹುದು. ಮೊದ್ಲೇ ಬಂದಿದ್ರೆ ಚೆನ್ನಾಗಿರ್ತಿತ್ತು."

ಸಂಜೆ ಮನೆಯಲ್ಲಿ, ಡಾಕ್ಟರು ಹೇಳಿದ್ದನ್ನು ಮಗನಿಂದ ಕೇಳಿದ ಅತ್ತೆ ನೆಲದ ಮೇಲೆ ಕೂತು ಸೊಸೆಯ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ಅಯ್ಯೋ, ನೀವು ನನ್ ಕಾಲು ಮುಟ್ಬಾರ್ದು ಅತ್ತಮ್ಮ."

"ಸುಮ್ನಿರೇ." ಒಂದೊಂದೇ ಬೆರಳು ಒತ್ತಿದರು. "ಗೊತ್ತಾಯ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ ಅತ್ತಮ್ಮ."

"ನಾನೇ ಕಣೇ ಬಾಯ್ಬಿಡ್ಬೇಡ ಅಂದೋಳು. ನನ್ ಬಾಯಿಗೆ ಮಣ್ಣು ಹಾಕ."

ಅತ್ತೆ ತಲೆ ತಗ್ಗಿಸಿದರು. ಪಾದದ ಮೇಲೆ ಹನಿಗಳು ಬಿದ್ದವು. ಬಿದ್ದದ್ದನ್ನು ಕವಿತ ಕಣ್ಣಲ್ಲಿ ನೋಡಿಯೇ ತಿಳಿದುಕೊಂಡಳು.