ಸೇನಿ ಅಜ್ಜಿಯ ಲೆಕ್ಕ

ಮೂರನೆಯ ಸಲ ಎಳೆದಾಗಲೂ ಬಲೆಯಲ್ಲಿ ಒಂದಿಷ್ಟು ಪಾಚಿ, ಅಂಗೈಯಗಲದ ಒಂದು ಏಡಿ ಬಿಟ್ಟರೆ ಏನೂ ಇರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಬಲೆ ಹಿಡಿದು ನಿಂತಿದ್ದ ಹತ್ತು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಯಾರೋ ಹೇಳಿಕೊಟ್ಟ ಹಾಗೆ, ಎಲ್ಲರ ಕಣ್ಣೂ ರೆಯಾಪಿಯ ಹೊಟ್ಟೆಯ ಮೇಲೆ ಬಂದು ನಿಂತವು. ಒದ್ದೆ ಬಟ್ಟೆ ಮೈಗಂಟಿ ಹೊಟ್ಟೆ ಎದ್ದು ಕಾಣುತ್ತಿತ್ತು.

"ರೆಯಾಪಿ, ನೀನು ದಡಕ್ಕೆ ಹೋಗು," ಎಂದಳು ಬಲೆಯ ತುದಿ ಹಿಡಿದಿದ್ದ ಅವಳ ಓರಗಿತ್ತಿ ಉನೈಸಿ.

"ಯಾಕಕ್ಕ?"

"ಯಾಕೆ ಅಂತ ನನ್ ಬಾಯಿಂದ ಹೇಳಿಸ್ಬೇಡ. ಬಸಿರು ಮುಚ್ಚಿಟ್ಕೊಂಡು ನೀರಿಗಿಳಿದ್ರೆ ಬಲೆಗೆ ಮೀನು ಬೀಳುತ್ತಾ?"

ನಾವುಟು ಹಳ್ಳಿಯಲ್ಲಿ ಇದು ಮಕ್ಕಳಿಗೂ ಗೊತ್ತಿದ್ದ ಮಾತು. ಬಸಿರಾದವಳು ಊರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಬಲೆ ಬರಿದಾಗುತ್ತದೆ, ಕೇಕು ಉಬ್ಬುವುದಿಲ್ಲ, ದೋಣಿಗೆ ನೀರು ನುಗ್ಗುತ್ತದೆ. ಅದರ ಮೇಲೆ ರೆಯಾಪಿಯ ಗಂಡ ಅಪೊರೋಸಾ ಆಸ್ಟ್ರೇಲಿಯಾದ ಕಸಾಯಿಖಾನೆಯ ಕೆಲಸಕ್ಕೆ ಹೋಗಿ ಹದಿನಾರು ತಿಂಗಳಾಗಿತ್ತು. ಗಂಡ ಸಮುದ್ರದಾಚೆ, ಹೆಂಡತಿಗೆ ಹೊಟ್ಟೆ. ಇನ್ನು ಕೇಳಬೇಕೇ! ಊರಿಗೆ ಊರೇ ಹಬ್ಬ ಮಾಡಲು ಇಷ್ಟು ಸಾಕಾಗಿತ್ತು.

ಅಂದು ಸಂಜೆಯೇ ಉನೈಸಿ ಸೇನಿ ಅಜ್ಜಿಯನ್ನು ಕರೆತಂದಳು. ಹೊಟ್ಟೆ ನೀವುವುದರಲ್ಲಿ ಸೇನಿಯದು ಎತ್ತಿದ ಕೈ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳು ರೆಯಾಪಿಯನ್ನು ಚಾಪೆಯ ಮೇಲೆ ಮಲಗಿಸಿ, ತೆಂಗಿನೆಣ್ಣೆ ಸವರಿ, ಕಣ್ಣು ಮುಚ್ಚಿಕೊಂಡು ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿದಳು. ಬಾಗಿಲ ತುಂಬಾ ಹೆಂಗಸರು.

"ನಾಲ್ಕು ತಿಂಗಳು. ತಲೆ ಇಲ್ಲಿದೆ ನೋಡಿ."

"ಅಜ್ಜಿ, ತಿಂಗಳಲ್ಲಿ ಹನ್ನೆರಡು ದಿನ ರಕ್ತ ಸುರೀತಿದೆ ನಂಗೆ. ಎರಡು ವರ್ಷದಿಂದ. ಬಸಿರು ಎಲ್ಲಿಂದ ಬರುತ್ತೆ?"

"ಕೆಲವರಿಗೆ ಬಸಿರಲ್ಲೂ ಹೋಗುತ್ತಮ್ಮ. ನಾನೆಷ್ಟು ಕಂಡಿಲ್ಲ? ಆಗಸ್ಟಿಗೆ ಹೆರಿಗೆ," ಎಂದು ಸೇನಿ ಕೈ ಒರೆಸಿಕೊಂಡಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಉನೈಸಿ ಅಂದೇ ಮೈದುನನಿಗೆ ಫೋನು ಮಾಡಿದಳು. ಮರುದಿನ ಅಪೊರೋಸಾ ಹೆಂಡತಿಗೆ ಫೋನು ಮಾಡಿ ಒಂದೇ ಮಾತು ಕೇಳಿದ: "ಯಾರವನು?" ಇಪ್ಪತ್ತು ವರ್ಷ ಅವನಿಗೆ ಬೇಯಿಸಿ ಹಾಕಿದ್ದಕ್ಕೆ, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಬೋರ್ಡಿಂಗ್ ಶಾಲೆಗೆ ಹಾಕುವವರೆಗೆ ಬೆಳೆಸಿದ್ದಕ್ಕೆ ಸಿಕ್ಕಿದ್ದು ಈ ಒಂದು ಪ್ರಶ್ನೆ. ರೆಯಾಪಿ ಅಲ್ಲಿಗೇ ಫೋನು ಇಟ್ಟಳು.

ಅದೇ ವಾರ ಬಸ್ಸು ಹತ್ತಿ ಪೇಟೆಯ ದೊಡ್ಡ ಆಸ್ಪತ್ರೆಗೆ ಹೋದಳು. ಗೌಂಡರ್ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಗರ್ಭಕೋಶದಲ್ಲಿ ಗಡ್ಡೆ ಕಣಮ್ಮ. ಫೈಬ್ರಾಯ್ಡ್ ಅಂತಾರೆ. ಏಳು ಕಾಣ್ತಿದೆ. ಕ್ಯಾನ್ಸರ್ ಥರ ಕಾಣಲ್ಲ, ಹೆದರ್ಬೇಡ. ಆದ್ರೆ ಈ ರಕ್ತ ಹೋಗೋದಿದ್ಯಲ್ಲ, ಅದೇ ಅಪಾಯ. ಮೈಯಲ್ಲಿ ಹನ್ನೆರಡು ಇರ್ಬೇಕಾದ ರಕ್ತ ಎಂಟಿದೆ. ಗಡ್ಡೆ ಮಾತ್ರ ತೆಗೀಬಹುದು, ಆದ್ರೆ ಮತ್ತೆ ಬೆಳೆಯೋ ಸಾಧ್ಯತೆ ಇರುತ್ತೆ. ಮಕ್ಕಳು ಬೇಡ ಅಂದ್ರೆ ಗರ್ಭಕೋಶಾನೇ ತೆಗೆಸಬಹುದು. ನಿನ್ನ ಇಷ್ಟ. ಮೇ ತಿಂಗಳಲ್ಲಿ ದಿನ ಕೊಡ್ಲಾ?"

ಗಡ್ಡೆ! ರೆಯಾಪಿಗೆ ಅಳು, ನಗು ಒಟ್ಟಿಗೇ ಬಂದವು. ಸ್ಕ್ಯಾನಿನ ಚೀಟಿಯನ್ನು ಹಿಡಿದುಕೊಂಡು ನೇರ ಉನೈಸಿಯ ಮನೆಗೆ ಹೋದಳು. ಉನೈಸಿ ಮರಗೆಣಸು ಸುಲಿಯುತ್ತಿದ್ದವಳು ಕೈ ತೊಳೆದು, ಚೀಟಿಗೆ ಅಂಟಿಸಿದ್ದ ಚಿತ್ರವನ್ನು ಬೆಳಕಿಗೆ ಹಿಡಿದಳು.

"ದುಂಡಗಿದೆಯಲ್ಲೇ. ಇದೇ ತಲೆ!"

"ಗಡ್ಡೆ ಅಂತ ಬರೆದಿದೆ ಅಕ್ಕ, ಓದು."

"ಬರೆಯೋರಿಗೇನು? ಈಗ ಗಡ್ಡೆ ಅಂತ ಬರೆಸ್ಕೋ, ನಾಳೆ ಹೋಗಿ ತೆಗೆಸ್ಕೊಂಡು ಬಾ. ಯಾರಿಗೆ ಗೊತ್ತಾಗುತ್ತೆ? ನಾವೇನು ಹುಲ್ಲು ತಿಂತೀವಾ?"

ರೆಯಾಪಿ ಚೀಟಿ ಮಡಿಸಿಕೊಂಡು ಮನೆಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಈಗ ಹೊಟ್ಟೆ ಕೊಯ್ಯಿಸಿಕೊಂಡರೆ ಸಾಯುವ ತನಕ ಅವಳು ಕಳ್ಳಬಸಿರು ತೆಗೆಸಿಕೊಂಡವಳು. ಹೆಣ್ಣುಮಕ್ಕಳು ರಜೆಗೆ ಬಂದಾಗ ಅವರ ಕಿವಿಗೂ ಅದೇ ಬೀಳುತ್ತದೆ. ಬಸಿರಲ್ಲ ಅಂತ ತೋರಿಸಲು ಊರೊಳಗೆ ಅವಳ ಹತ್ತಿರ ಇದ್ದದ್ದು ಒಂದೇ ಒಂದು ಸಾಕ್ಷಿ, ಆ ಹೊಟ್ಟೆ. ಹೊಟ್ಟೆ ಇರಲಿ. ಸೇನಿ ಅಜ್ಜಿಯ ಲೆಕ್ಕದಲ್ಲೇ ಒಂಬತ್ತು ತುಂಬಲಿ, ಹತ್ತಾಗಲಿ, ಹನ್ನೊಂದಾಗಲಿ. ಹುಟ್ಟದ ಕೂಸನ್ನು ಅವರೇ ಹುಡುಕಿಕೊಳ್ಳಲಿ.

"ಅಕ್ಟೋಬರಿಗೆ ಬರ್ತೀನಿ," ಎಂದಳು, ಮತ್ತೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ.

"ಏಳು ತಿಂಗಳು ಕಾಯ್ತೀಯಾ? ಹುಚ್ಚಾ ನಿಂಗೆ? ರಕ್ತ ಸೋರಿಹೋಗ್ತಿದ್ಯಲ್ಲಮ್ಮ, ಯಾತಕ್ಕೋಸ್ಕರ?"

"ಒಂದಿಷ್ಟು ಜನರ ಮುಖ ನೋಡ್ಬೇಕಿದೆ ಡಾಕ್ಟರಮ್ಮ."

ಡಾಕ್ಟರಮ್ಮ ಗದರಿದರು, ಬೇಡಿಕೊಂಡರು, ಕೊನೆಗೆ ಕಬ್ಬಿಣದ ಗುಳಿಗೆ, ರಕ್ತ ಕಡಿಮೆ ಮಾಡುವ ಗುಳಿಗೆ ಬರೆದುಕೊಟ್ಟು, ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕೆಂದು ಮಾತು ತೆಗೆದುಕೊಂಡರು.

ಆಮೇಲಿನ ತಿಂಗಳುಗಳಲ್ಲಿ ರೆಯಾಪಿ ಒಂದು ಭಾನುವಾರವನ್ನೂ ಬಿಡಲಿಲ್ಲ. ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲೇ, ಉನೈಸಿಯ ಪಕ್ಕದಲ್ಲೇ, ಹೊಟ್ಟೆ ಮುಂದೆ ಮಾಡಿಕೊಂಡು ಕೂತಳು. ಒಳಗೆ ಮೂರು ಪದರ ಬಟ್ಟೆ ಇಟ್ಟುಕೊಂಡರೂ ಎದ್ದಾಗ ಕೂತ ಜಾಗವನ್ನೊಮ್ಮೆ ನೋಡಿಕೊಳ್ಳಬೇಕಿತ್ತು. ನೀರಿನ ಬಕೆಟ್ ಎತ್ತಿದರೆ ಕಣ್ಣು ಕತ್ತಲೆ. ಬಾವಿಯಿಂದ ಮನೆಯ ಮೆಟ್ಟಿಲಿನವರೆಗೆ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು, ಯಾರಾದರೂ ಬಂದರೆ ಕಾಲಿಗೆ ಮುಳ್ಳು ಚುಚ್ಚಿದವಳ ಹಾಗೆ ನಟಿಸುತ್ತಿದ್ದಳು. ಜೂನಿನಲ್ಲಿ ಬಲೆ ತುಂಬಾ ಮೀನು ಬಿತ್ತು. "ನೋಡಿದ್ರಾ, ಗುಟ್ಟು ರಟ್ಟಾದ ಮೇಲೆ ಹೇಗೆ ಬೀಳ್ತಿದೆ!" ಎಂದಳಂತೆ ಉನೈಸಿ. ಈ ಜನಕ್ಕೆ ಬಿದ್ದರೂ ಗೆಲುವು, ಎದ್ದರೂ ಗೆಲುವು.

ಆಗಸ್ಟ್ ಬಂತು. ಕಂಡವರೆಲ್ಲ "ನೋವು ಬಂತಾ?" ಅಂತ ಕೇಳತೊಡಗಿದರು. "ಇನ್ನೂ ಇಲ್ಲ. ಸೇನಿ ಅಜ್ಜೀನ ಕೇಳಿ, ಅವರಿಗೇ ಗೊತ್ತು," ಎನ್ನುತ್ತಿದ್ದಳು ರೆಯಾಪಿ, ನಗುನಗುತ್ತಲೇ. ಸೆಪ್ಟೆಂಬರ್ ನಡುವಿಗೆ ಎಲ್ಲರೂ ಕೇಳುವುದನ್ನು ನಿಲ್ಲಿಸಿದರು. ಸೇನಿ ಅಜ್ಜಿ ಮೊಣಕಾಲು ನೋವೆಂದು ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು. ಇಗರ್ಜಿಯಲ್ಲಿ ಉನೈಸಿ ಹಿಂದಿನ ಸಾಲಿಗೆ ಹೋದಳು. ರೆಯಾಪಿಯೂ ಎದ್ದು ಹಿಂದಿನ ಸಾಲಿಗೇ ಹೋಗಿ ಅವಳ ಪಕ್ಕ ಕೂತಳು. ಬಿಡುತ್ತಾಳೆಯೇ?

ಅಕ್ಟೋಬರಿನ ಮೊದಲ ಶನಿವಾರ ಉನೈಸಿಯ ಗಂಡ, ಅಂದರೆ ರೆಯಾಪಿಯ ಭಾವ, ಊರವರು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಹಿಡಿದುಕೊಂಡು ಬಂದ. ಬಾಗಿಲಲ್ಲೇ ತಲೆ ತಗ್ಗಿಸಿ ಕೂತು ಕಟ್ಟನ್ನು ಅವಳ ಮುಂದಿಟ್ಟ. ತಪ್ಪೊಪ್ಪಿಗೆಯ ಕ್ರಮವೇ ಅದು. ಬೇರನ್ನು ಮುಟ್ಟಿದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಮುಟ್ಟದೆ ಇರುವವರನ್ನು ಊರು ಕಂಡಿರಲಿಲ್ಲ.

"ಹೆಂಗಸರ ಬುದ್ಧಿ, ಏನೋ ಆಗೋಯ್ತಮ್ಮ. ಹೊಟ್ಟೆಗೆ ಹಾಕ್ಕೊಂಡ್ಬಿಡು."

"ಹೊಟ್ಟೇಲಿ ಜಾಗ ಇಲ್ಲ ಭಾವ."

ಭಾವ ತಲೆಯೆತ್ತಿದ. ರೆಯಾಪಿಯ ಕೈಗಳು ಮಡಿಲಲ್ಲೇ ಇದ್ದವು.

"ನಂಗೆ ಬೇರು ಬೇಡ. ಇಪ್ಪತ್ತನೇ ತಾರೀಕು ಗರ್ಭಕೋಶ ತೆಗೆಸೋ ಆಪರೇಷನ್. ಈಗ ಮೈಯಲ್ಲಿ ರಕ್ತ ಆರೇ ಇದೆಯಂತೆ, ನಾಲ್ಕು ಬಾಟಲಿ ರಕ್ತ ಬೇಕಂತೆ. ನಮ್ಮ ಕಡೆಯವರು ನಾಲ್ಕು ಜನ ಹೋಗಿ ಕೊಟ್ಟು ತುಂಬಿಸ್ಬೇಕಂತೆ. ಅಕ್ಕ ಬರ್ಲಿ. ಅವತ್ತು ಬಲೆ ಹಿಡಿದಿದ್ದವರಲ್ಲಿ ಇನ್ನು ಮೂರು ಜನಾನ ಅಕ್ಕನೇ ಕರ್ಕೊಂಡು ಬರ್ಲಿ. ಆಮೇಲೆ ನೋಡೋಣ."

"ಅವಳಿಗೆ ಸೂಜಿ ಅಂದ್ರೆ ಪ್ರಾಣ ಹೋಗುತ್ತೆ ರೆಯಾಪಿ."

"ಹೌದಾ? ಪಾಪ," ಎಂದಳು ರೆಯಾಪಿ.

ಆಪರೇಷನ್ನಿಗೆ ಮೂರು ದಿನ ಮೊದಲೇ ಅವಳು ಆಸ್ಪತ್ರೆ ಸೇರಿದಳು. ಅಂದು ಬೆಳಿಗ್ಗೆ ಅಪೊರೋಸಾನ ಫೋನು ಬಂತು. ಏಳು ತಿಂಗಳಲ್ಲಿ ಅವನೇ ಮಾಡಿದ ಎರಡನೆಯ ಫೋನು.

"ಅಣ್ಣ ಎಲ್ಲಾ ಹೇಳ್ದ. ತಪ್ಪಾಯ್ತು ಕಣೇ. ಆದ್ರೆ ಗರ್ಭಕೋಶ ತೆಗೆಸೋದು ಅಂದ್ರೆ... ನನ್ನನ್ನೊಂದು ಮಾತು ಕೇಳ್ಬೇಕಾಗಿತ್ತಲ್ವಾ? ಬರೀ ಗಡ್ಡೆ ತೆಗೆದ್ರೆ ಸಾಲ್ದಾ?"

"ಅತ್ತಿಗೆ ಮಾತು ನಂಬೋ ಮುಂಚೆ ನೀನು ಯಾರನ್ನ ಕೇಳಿದ್ದೆ?"

ಅವನು ಮತ್ತೆ ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ಪೂರ್ತಿ ತೆಗೆಸ್ತೀನಿ. ಇನ್ನು ಈ ಹೊಟ್ಟೆ ಮೇಲೆ ಊರಿಗೂ ಹಕ್ಕಿಲ್ಲ, ನಿಂಗೂ ಇಲ್ಲ," ಎಂದಳು. ಡಾಕ್ಟರಮ್ಮ ತಂದ ಕಾಗದಕ್ಕೆ ತಾನೇ ಸಹಿ ಹಾಕಿದಳು. ಸಹಿ ಹಾಕುವಾಗ ಒಂದು ಕ್ಷಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಇಬ್ಬರು ಮಕ್ಕಳನ್ನು ಕೊಟ್ಟ ಜಾಗ ಅದು. ಆದರೂ ಹೆಸರನ್ನು ಪೂರ್ತಿ ಬರೆದಳು.

ಮಧ್ಯಾಹ್ನ ನಾಲ್ವರೂ ಬಂದರು. ರಕ್ತ ತೆಗೆದುಕೊಳ್ಳುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತರು. ರೆಯಾಪಿ ಹಟ ಮಾಡಿ ಗಾಲಿಕುರ್ಚಿಯಲ್ಲಿ ಬಂದು ಬಾಗಿಲ ಬಳಿ ಕೂತಿದ್ದಳು. ಮೊದಲು ಉನೈಸಿಯನ್ನು ಕರೆದರು. ವಯಸ್ಸಾದ ನರ್ಸ್ ಒಬ್ಬಳು ಹಾಳೆ ಹಿಡಿದುಕೊಂಡು ದೊಡ್ಡ ಗಂಟಲಲ್ಲಿ ಕೇಳುತ್ತಾ ಹೋದಳು.

"ಜ್ವರ ಬಂದಿತ್ತಾ?"

"ಇಲ್ಲ."

"ಕಾಮಾಲೆ?"

"ಇಲ್ಲ."

"ಬಸಿರಿದೀಯಾ?"

ಉನೈಸಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬೆಂಚಿನ ಮೇಲಿದ್ದ ಮೂವರೂ ನೆಲ ನೋಡಿದರು.

"ಏನಮ್ಮ, ಎಲ್ಲರನ್ನೂ ಕೇಳ್ತೀವಿ, ಹೇಳು. ಬಸಿರಿದೀಯಾ?"

"ಇಲ್ಲ ಸಿಸ್ಟರ್."

"ಸರಿಯಾಗಿ ಕೇಳಿ ಸಿಸ್ಟರ್," ಎಂದಳು ರೆಯಾಪಿ ಬಾಗಿಲಿನಿಂದ. "ನಮ್ಮೂರಲ್ಲಿ ಮುಚ್ಚಿಡೋರು ಜಾಸ್ತಿ."

ನರ್ಸ್ ತಮಾಷೆಯೆಂದುಕೊಂಡು ನಕ್ಕಳು. "ಕೊನೇ ಸಲ ಮುಟ್ಟಾಗಿದ್ದು ಯಾವಾಗ?"

ಉನೈಸಿಯ ಕುತ್ತಿಗೆಯವರೆಗೂ ಕೆಂಪೇರಿತು. "ನಂಗೆ... ನಿಂತು ಒಂದು ವರ್ಷ ಆಯ್ತು," ಎಂದಳು, ತನ್ನ ಮಡಿಲಿಗೆ ಹೇಳಿಕೊಳ್ಳುವ ಹಾಗೆ. "ಬಸಿರಿಲ್ಲ ಸಿಸ್ಟರ್. ದೇವರಾಣೆ ಇಲ್ಲ."

"ಆಣೆ ಯಾಕಮ್ಮ, ನೀನು ಹೇಳಿದ್ರೆ ಸಾಕು," ಎಂದು ನರ್ಸ್ ಬರೆದುಕೊಂಡಳು.

ಹೇಳಿದರೆ ಸಾಕು! ರೆಯಾಪಿ ಗಾಲಿಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಉನೈಸಿಯನ್ನು ಮಲಗಿಸಿದರು, ತೋಳಿಗೆ ಪಟ್ಟಿ ಬಿಗಿದರು. ಸೂಜಿ ಒಳಗೆ ಹೋದಾಗ ಅವಳು ಅಮ್ಮಾ ಎಂದು ಕೂಗಿ, ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು.

"ನೋಯ್ತಿದೆ ಕಣೇ ರೆಯಾಪಿ."

"ನೋಯುತ್ತೆ ಅಕ್ಕ."

ರಕ್ತ ಕೊಳವೆಯಲ್ಲಿಳಿದು ಚೀಲದ ತಳದಲ್ಲಿ ನಿಲ್ಲತೊಡಗಿತು. ನರ್ಸ್ ಬಂದು ಕುರ್ಚಿಯ ಹಿಡಿಗೆ ಕೈ ಹಾಕಿದಳು. "ನಿನ್ನನ್ನ ವಾರ್ಡಿಗೆ ಬಿಡ್ಲಾ ತಾಯಿ? ಇದಕ್ಕಿನ್ನೂ ಹತ್ತು ನಿಮಿಷ ಬೇಕು."

"ಇರ್ಲಿ ಸಿಸ್ಟರ್," ಎಂದಳು ರೆಯಾಪಿ. "ತುಂಬೋ ತನಕ ಕೂತಿರ್ತೀನಿ."

ನರ್ಸ್ ಹೋಗಿ ಮುಂದಿನವಳನ್ನು ಕರೆದಳು.